ಬಾಸ್ಟನ್‌ನಲ್ಲಿ ಮೂರು ರಾತ್ರಿ, ಮೂವರು ಗಿಟಾರಿಗರು

ಪ್ರಶ್ನೆ: ಫ್ಲೀಟ್‌ವುಡ್ ಮ್ಯಾಕ್ ಅಂದರೆ ನನಗೆ 1977ರ ‘ರೂಮರ್ಸ್’ ಒಂದೇ ಗೊತ್ತು. ಮೊದಲು ಅದು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ, ನುಡಿಸುವ ಬ್ಯಾಂಡ್ ಆಗಿತ್ತಂತೆ. ಆ ಕಾಲದ್ದು ಒಂದೇ ಒಂದು ಆಲ್ಬಂ ಕೇಳುವುದಾದರೆ ಯಾವುದು?

ಉತ್ತರ: ‘ಲೈವ್ ಇನ್ ಬಾಸ್ಟನ್’. ಸ್ಟುಡಿಯೋ ಆಲ್ಬಂಗಳು ಆಮೇಲೆ ಇದ್ದೇ ಇವೆ. 1970ರ ಫೆಬ್ರವರಿ 5ರಿಂದ 7ರವರೆಗೆ, ಬಾಸ್ಟನ್ ಟೀ ಪಾರ್ಟಿ ಎನ್ನುವ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಲೈವ್ ಆಲ್ಬಂ ಮಾಡೋಣ ಅಂತಲೇ ರೆಕಾರ್ಡ್ ಮಾಡಿಕೊಂಡಿದ್ದರು. ಅಷ್ಟರಲ್ಲಿ, ಮೇ ತಿಂಗಳಲ್ಲಿ, ಬ್ಯಾಂಡ್ ಕಟ್ಟಿದ ಪೀಟರ್ ಗ್ರೀನೇ ಬಿಟ್ಟು ಹೊರಟ. ಟೇಪುಗಳು ಮೂಲೆ ಸೇರಿದವು. 1980ರ ದಶಕದಲ್ಲಿ ಒಂದಷ್ಟು ಹೊರಬಂತು, ಮೂರು ಸಂಪುಟಗಳಲ್ಲಿ ಪೂರ್ತಿಯಾಗಿ ಸಿಗಲು ಇನ್ನೂ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟು ಹೊತ್ತಿಗೆ ಜಗತ್ತಿಗೆ ಇವರು ಪಾಪ್ ಬ್ಯಾಂಡ್ ಆಗಿದ್ದರಲ್ಲ, ಯಾರು ಹುಡುಕಿಕೊಂಡು ಹೋಗುತ್ತಾರೆ!

ಇದನ್ನು ‘ರೂಮರ್ಸ್’ಗೆ ಮುನ್ನುಡಿ ಅಂದುಕೊಂಡು ಮಾತ್ರ ಕೇಳಬೇಡಿ, ನಿರಾಸೆಯಾಗುತ್ತದೆ. ಅಲ್ಲಿಯೂ ಇಲ್ಲಿಯೂ ಇರುವವರು ಡ್ರಮ್ಸ್‌ನ ಮಿಕ್ ಫ್ಲೀಟ್‌ವುಡ್, ಬೇಸ್‌ನ ಜಾನ್ ಮೆಕ್‌ವೀ ಇಬ್ಬರೇ. ಇಲ್ಲಿ ಮುಂದೆ ನಿಂತವರು ಮೂವರು ಗಿಟಾರಿಗರು, ಮೂವರದೂ ಮೂರು ದಾರಿ. ಜೆರೆಮಿ ಸ್ಪೆನ್ಸರ್‌ಗೆ ಹಳೆಯ ಬ್ಲೂಸ್ ಗಿಟಾರಿಗ ಎಲ್ಮೋರ್ ಜೇಮ್ಸ್ ಬಿಟ್ಟರೆ ಹಳೆಯ ರಾಕ್ ಅಂಡ್ ರೋಲ್, ಅಷ್ಟೇ. ಸ್ಲೈಡ್ (ಬೆರಳಿಗೆ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸುವುದು) ಚೆನ್ನಾಗಿಯೇ ನುಡಿಸುತ್ತಾನೆ, ಆದರೆ ನಾಲ್ಕು ಹಾಡು ಕೇಳಿದ ಮೇಲೆ ಐದನೆಯದು ಹೇಗಿರುತ್ತದೆ ಅಂತ ನಿಮಗೇ ಗೊತ್ತಾಗಿಬಿಡುತ್ತದೆ. 1968ರಲ್ಲಿ ಹದಿನೆಂಟರ ಹುಡುಗನಾಗಿ ಬಂದ ಡ್ಯಾನಿ ಕರ್ವನ್ ಬೇರೆ ಥರ, ಸ್ವರವನ್ನು ವೇಗವಾಗಿ ನಡುಗಿಸುತ್ತಾ ರಾಗದ ಕಡೆ ಎಳೆಯುತ್ತಾನೆ. ಗ್ರೀನ್ ಕಡಿಮೆ ನುಡಿಸುತ್ತಾನೆ, ನಡುವೆ ಜಾಗ ಬಿಡುತ್ತಾನೆ, ಆ ಜಾಗದಲ್ಲೇ ನೋವು ಕೇಳಿಸುತ್ತದೆ.

ನಿಜವಾದ ಮಜಾ ‘ರ‍್ಯಾಟಲ್‌ಸ್ನೇಕ್ ಶೇಕ್’ನಲ್ಲಿದೆ. ಸ್ಟುಡಿಯೋದಲ್ಲಿ ಮೂರೂವರೆ ನಿಮಿಷದ ಹಾಡು, ಇಲ್ಲಿ ಇಪ್ಪತ್ನಾಲ್ಕು ನಿಮಿಷ ದಾಟುತ್ತದೆ. ಸಾಹಿತ್ಯ ಬೇಗ ಮುಗಿದುಹೋಗುತ್ತದೆ, ಆಮೇಲೆ ಗ್ರೀನ್ ಮತ್ತು ಕರ್ವನ್ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಾ ಎಲ್ಲೆಲ್ಲಿಗೋ ಹೋಗುತ್ತಾರೆ, ಹಿಂದೆ ಮೆಕ್‌ವೀ ಸುಮ್ನೆ ಒಂದೇ ಎಳೆ ಹಿಡಿದು ಕೂತಿರುವುದಕ್ಕೇ ಅದು ಚೆದುರುವುದಿಲ್ಲ. ಇನ್ನೊಂದು ‘ಗ್ರೀನ್ ಮನಲಿಶಿ’. ಇದರ ಸ್ಟುಡಿಯೋ ರೆಕಾರ್ಡಿಂಗ್ ಆಗ ಇನ್ನೂ ಆಗಿರಲಿಲ್ಲ, ಬ್ಯಾಂಡು ವೇದಿಕೆಯ ಮೇಲೆಯೇ ಹಾಡನ್ನು ತಡಕಾಡುತ್ತಿದೆ. ಬ್ಲೂಸ್‌ನ ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ) ಚೌಕಟ್ಟು ಇಲ್ಲಿಲ್ಲ, ಭಾರವಾದ, ಕತ್ತಲು ಕತ್ತಲಾದ ಏನೋ ಒಂದು ಹುಟ್ಟುತ್ತಿದೆ. ಅದು ಎತ್ತ ಬೆಳೆಯುತ್ತಿತ್ತೋ, ಗ್ರೀನ್ ಇದ್ದಿದ್ದರೆ ತಿಳಿಯುತ್ತಿತ್ತು. 1971ರಲ್ಲಿ ಸ್ಪೆನ್ಸರ್ ಒಂದು ಧಾರ್ಮಿಕ ಪಂಥ ಸೇರಿದ, 1972ರಲ್ಲಿ ಕರ್ವನ್‌ನನ್ನು ತೆಗೆದುಹಾಕಿದರು.

ಮೊದಲನೇ ಸಂಪುಟ ಸಾಕು. ಹಿಡಿಸಿದರೆ ಉಳಿದ ಎರಡು.

ಪ್ರಶ್ನೆ: ಗ್ರೀನ್‌ನ ಗಿಟಾರ್ ಆಗಾಗ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿಸುತ್ತದಲ್ಲ, ಯಾಕೆ?

ಉತ್ತರ: ಅವನ 1959ರ ಲೆಸ್ ಪಾಲ್ ಗಿಟಾರಿನಲ್ಲಿ, ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಎರಡು ಪಿಕಪ್‌ಗಳ ಪೈಕಿ ಕುತ್ತಿಗೆ ಕಡೆಯದರ (ನೆಕ್ ಪಿಕಪ್) ಅಯಸ್ಕಾಂತ ತಿರುಗುಮುರುಗಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಒಂದರ ಸಿಗ್ನಲ್ ಇನ್ನೊಂದರದ್ದನ್ನು ಸ್ವಲ್ಪ ಅಳಿಸುತ್ತದೆ, ಕೆಳಗಿನ ಸ್ವರಗಳ ದಪ್ಪ ಹೋಗಿ ಆ ಟೊಳ್ಳು ದನಿ ಉಳಿಯುತ್ತದೆ. ಗಿಟಾರ್ ಆಮೇಲೆ ಗಿಟಾರಿಗ ಗ್ಯಾರಿ ಮೂರ್ ಕೈಗೆ ಹೋಯಿತು, ಈಗ ಮೆಟಲ್ ಬ್ಯಾಂಡ್ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹತ್ತಿರ ಇದೆ.