ಗಿಣಿಗೇರಾ ಜಂಕ್ಷನ್ ಆದದ್ದು ಹೇಗೆ?

ಕೊಪ್ಪಳದ ಪಕ್ಕದ ಸಣ್ಣ ಗಿಣಿಗೇರಾವನ್ನು ಜಂಕ್ಷನ್ ಎಂದು ಏಕೆ ಕರೆಯುತ್ತಾರೆ, ಗಂಗಾವತಿಗೆ ಹೋಗಲು ಅಲ್ಲಿ ಇಳಿಯಬೇಕೇ ಎಂದು ಕೇಳಿದ್ದೀರಿ. ಹುಬ್ಬಳ್ಳಿ–ಗುಂತಕಲ್ ಮಾರ್ಗದಿಂದ ಗಂಗಾವತಿಯ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿಯೇ. ಕಡತದಲ್ಲಿ ಅದು 1997-98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬನಗರ ಯೋಜನೆ. ಹೆಸರು ಮುನಿರಾಬಾದಿಗೆ, ಹಳಿ ಗಿಣಿಗೇರಾಕ್ಕೆ! ಕೆಲಸವಂತೂ ಆಮೆಗತಿಯದು: ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ಭತ್ತ ಬೆಳೆಯುವ ಕಾರಟಗಿ, ಸಿಂಧನೂರಿನ ಜನ ಒಂದು ತಲೆಮಾರು ಕಾದರು. ಸಿಂಧನೂರಿನಿಂದ ರಾಯಚೂರಿಗೆ ಹಳಿ ಕೂಡಿದರೆ ಕೊಪ್ಪಳದವರಿಗೆ ಗುಂತಕಲ್ ಸುತ್ತು ತಪ್ಪುತ್ತದೆ.

ನೀವು ಹುಬ್ಬಳ್ಳಿಯಿಂದ ಹೊರಡುವುದಾದರೆ ಸಿಂಧನೂರು ರೈಲನ್ನೇ ಹತ್ತಿ, ನೇರವಾಗಿ ಗಂಗಾವತಿಯಲ್ಲಿ ಇಳಿಯಿರಿ. ಸಮಯವನ್ನು ಮಾತ್ರ ಹಿಂದಿನ ದಿನವೇ ನೋಡಿಕೊಳ್ಳಿ.