ಫೆಲೋಶಿಪ್ ಮುಗಿಯುತ್ತಿದೆ, ಪೇಪರ್ ಬಂದಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದವರು 29ರ ಯುವತಿ. ಬೆಂಗಳೂರಿನಲ್ಲಿ ಪಾಲಿಮರ್ ಕೆಮಿಸ್ಟ್ರಿ ಪಿಎಚ್‌ಡಿ. ಸಂಶೋಧನೆಗೆ ಸಿಗುವ ಫೆಲೋಶಿಪ್‌ನಲ್ಲಿ ಜೂನಿಯರ್ ಹಂತ (ಜೆಆರ್‌ಎಫ್) ಎರಡು ವರ್ಷ, ಸೀನಿಯರ್ ಹಂತ (ಎಸ್‌ಆರ್‌ಎಫ್) ಮೂರು ವರ್ಷ. ಮುಗಿಯಲು ನಾಲ್ಕೇ ತಿಂಗಳು. ಆಮೇಲೆ ತಿಂಗಳ 42,000 ರೂಪಾಯಿ ನಿಲ್ಲುತ್ತದೆ. ಜರ್ನಲ್‌ನಲ್ಲಿ ಸಂಶೋಧನಾ ಪೇಪರ್ ಒಂದೂ ಬಂದಿಲ್ಲ. ಊರಿಂದ ಅಮ್ಮನ ಫೋನು: "ಇನ್ನೂ ಓದು ಮುಗೀಲಿಲ್ವೇನೆ?"

"ನಿದ್ದೆ ಬರಲ್ಲ ಮೇಡಂ. ಬಂದ್ರೂ ಕನಸಲ್ಲಿ ಫ್ಲಾಸ್ಕೇ."

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ.

ಆಮೇಲೆ ಫ್ಲಾಸ್ಕಿನ ಕಥೆ ಕೇಳಿದೆ. ಸಂಜೆ ತಿಳಿಯಾಗಿದ್ದ ದ್ರಾವಣ ಬೆಳಿಗ್ಗೆ ನೋಡಿದರೆ ಜೆಲ್. ಪಾಲಿಮರ್ ಅಂದರೆ ಅಣುಗಳ ಉದ್ದ ಸರಪಳಿ. ಆ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡರೆ ಯಾವ ಸಾಲ್ವೆಂಟಿಗೂ ಕರಗಲ್ಲ, ಊದಿಕೊಳ್ಳುತ್ತೆ ಅಷ್ಟೇ. ಕಲಕಲು ಹಾಕಿದ ಮ್ಯಾಗ್ನೆಟ್ ಕೂಡ ಒಳಗೇ ಸಿಕ್ಕಿಬೀಳುತ್ತದೆ. ಕರಗದ್ದನ್ನು ಸರಪಳಿಗಳ ಗಾತ್ರ ಅಳೆಯುವ ಜಿಪಿಸಿ ಉಪಕರಣಕ್ಕೆ ಹಾಕುವಂತಿಲ್ಲ, ಮಾಲಿಕ್ಯುಲರ್ ವೆಯ್ಟ್ (ಅಣುತೂಕ) ಸಿಗಲ್ಲ. ನೋಟ್‌ಬುಕ್ಕಿನ ಪುಟ ಪುಟದಲ್ಲೂ ಕೆಂಪು ಶಾಯಿಯಲ್ಲಿ "ಜೆಲ್" ಎಂದಿತ್ತು. ಗೈಡ್‌ಗೆ ಇದರಲ್ಲಿ ಅರ್ಧವನ್ನೂ ಹೇಳಿರಲಿಲ್ಲ. ಗ್ರೂಪ್ ಮೀಟಿಂಗಿನಲ್ಲಿ ಚೆನ್ನಾಗಿ ಬಂದ ಗ್ರಾಫುಗಳನ್ನಷ್ಟೇ ತೋರಿಸುತ್ತಿದ್ದರು. ನನಗೆ ತೊಡಕು ಕಂಡಿದ್ದು ಅಲ್ಲೇ.

ಧೈರ್ಯ ಹೇಳಲು ಸ್ನೇಹಿತರು ಗುಂಡು ನಿರೋಧಕ ಜಾಕೆಟ್ಟಿಗೆ ಬಳಸುವ ಕೆವ್ಲಾರ್ ಎಳೆಯ ಕಥೆ ಹೇಳುತ್ತಾರಂತೆ. 1965ರಲ್ಲಿ ಡುಪಾಂಟ್ ಕಂಪನಿಯ ಕೆಮಿಸ್ಟ್ ಸ್ಟೆಫನಿ ಕ್ವೋಲೆಕ್ ಮಾಡಿದ ಮಬ್ಬು ದ್ರಾವಣದಿಂದ ಎಳೆ ತೆಗೆಯಲು ಟೆಕ್ನಿಷಿಯನ್ ಮೊದಲು ಒಪ್ಪಿರಲಿಲ್ಲ, ಆಮೇಲೆ ಅದೇ ಕೆವ್ಲಾರ್ ಆಯ್ತು ಅಂತ. ಕಥೆ ನಿಜವೇ. ಆದರೆ ಕ್ವೋಲೆಕ್‌ಗೆ ಕಂಪನಿಯಿಂದ ಸಂಬಳ ಬರುತ್ತಿತ್ತು, ಅಲ್ವಾ?

"ಬಿಟ್ಟುಬಿಡ್ಲಾ?" ಅಂದರು. ನಿದ್ದೆಯಿಲ್ಲದ ಈ ದಿನಗಳಲ್ಲಿ ಅದನ್ನು ತೀರ್ಮಾನಿಸಬೇಡಿ ಅಂದೆ. ಮೊದಲು ಜೆಲ್ ಆದ ಎಲ್ಲ ಬ್ಯಾಚುಗಳನ್ನೂ ಒಂದೇ ಹಾಳೆಗೆ ಇಳಿಸಿ: ಯಾವ ಬಾಟಲಿಯ ಮೊನೊಮರ್ (ಸರಪಳಿ ಕಟ್ಟುವ ಮೂಲ ಅಣು), ಎಷ್ಟು ಉಷ್ಣತೆ, ಎಷ್ಟು ಹೊತ್ತಿಗೆ ಗಟ್ಟಿಯಾಯ್ತು. ಆ ಹಾಳೆ ಹಿಡಿದು ಗೈಡ್ ಹತ್ತಿರ ಒಬ್ಬರೇ ಹೋಗಿ. ಥೀಸಿಸ್ ಯಾವ ತಿಂಗಳು ಕೊಡಬಹುದು, ಫೆಲೋಶಿಪ್ ನಿಂತ ಮೇಲೆ ಪ್ರಾಜೆಕ್ಟಿನಿಂದ ಏನಾದರೂ ಸಿಗುತ್ತಾ, ಎರಡನ್ನೂ ಬಾಯಿಬಿಟ್ಟು ಕೇಳಿ. ಯುಜಿಸಿ 2022ರ ನಿಯಮದಲ್ಲಿ ಥೀಸಿಸ್‌ಗೆ ಮುಂಚೆ ಪೇಪರ್ ಕಡ್ಡಾಯ ಅಂತಿಲ್ಲ. ನಿಮ್ಮ ಸಂಸ್ಥೆಯ ನಿಯಮ ಏನು ಅಂತ ಆಫೀಸಿನಲ್ಲಿ ವಿಚಾರಿಸಿ, ಸೀನಿಯರ್ ಮಾತು ನಂಬಿ ಕೂರಬೇಡಿ. ಇನ್ನೊಂದು, ಬಣ್ಣ, ಅಂಟು, ಟೈರ್ ಮಾಡುವ ಕಡೆ ಯಾವುದು ಯಾವಾಗ ಗಟ್ಟಿಯಾಗುತ್ತೆ ಅನ್ನುವುದೇ ದಿನದ ಕೆಲಸ. ಬಯೋಡೇಟಾದಲ್ಲಿ ಜೆಲ್ ಜೊತೆಗಿನ ನಿಮ್ಮ ಅನುಭವವನ್ನು ಮುಚ್ಚಿಡಬೇಡಿ.

ಮುಂದಿನ ಸಲ ಬಂದಾಗ ಸ್ವಲ್ಪ ನಿದ್ದೆ ಮಾಡಿದಂತಿದ್ದರು. ಹಾಳೆ ನೋಡಿದ ಗೈಡ್, ಅರ್ಧದಷ್ಟು ಜೆಲ್ ಒಂದೇ ಬಾಟಲಿಯದ್ದು ಅಂತ ಗುರುತಿಸಿದ್ದರು. ಆ ಮೊನೊಮರ್‌ನಲ್ಲಿ ಡೈಮೆಥಾಕ್ರಿಲೇಟ್ ಕಲ್ಮಶ ಚೂರು ಉಳಿದಿದ್ದರೂ ಸಾಕು, ಸರಪಳಿಗಳು ಬೆಸೆದುಕೊಳ್ಳುತ್ತವಂತೆ. ಉಳಿದರ್ಧದ ಕಾರಣ ಇನ್ನೂ ಸಿಕ್ಕಿಲ್ಲ. ಗೈಡ್ ಸುಮ್ನೆ ಬೈಯಲೂ ಇಲ್ಲವಂತೆ, "ಮೊದಲೇ ಯಾಕೆ ತೋರಿಸ್ಲಿಲ್ಲ" ಅಂದರಂತೆ. ಪ್ರಾಜೆಕ್ಟಿನಿಂದ ಆರು ತಿಂಗಳ ವ್ಯವಸ್ಥೆಗೆ ಒಪ್ಪಿದ್ದಾರೆ. ಅಮ್ಮನಿಗೆ ಏನು ಹೇಳುವುದು ಅನ್ನುವುದನ್ನು ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.