ಗಡಿಯ ಆಚೆ 21, ಈಚೆ 23: ಎಳೆಯರ ಮದ್ಯಪಾನದ ಬಗ್ಗೆ ಓದುಗರ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳಲ್ಲಿ ಒಂದೇ ವಿಷಯಕ್ಕೆ ಸಂಬಂಧಿಸಿದ ಐದನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರೆಲ್ಲರೂ ಹೆಸರು ಬೇಡವೆಂದು ಕೋರಿದ್ದರಿಂದ ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಮಗ ಮಂಗಳೂರಿನಲ್ಲಿ ಕಲಿಯುತ್ತಾನೆ, ವಯಸ್ಸು 21 ದಾಟಿದೆ. ಅಲ್ಲಿ ಬಾರಿಗೆ ಹೋದರೆ ತಪ್ಪಿಲ್ಲ, ಊರಿಗೆ ಬಂದು ಕುಡಿದರೆ ಮಾತ್ರ ಅಪರಾಧ ಎಂದು ನನ್ನೊಡನೆ ವಾದ ಮಾಡುತ್ತಾನೆ. ಇದು ನಿಜವೇ? ಗಡಿಯಲ್ಲಿರುವ ತಲಪಾಡಿ ದಾಟಿದೊಡನೆ ಬದಲಾಗುವ ಕಾನೂನಿನಿಂದ ಪ್ರಯೋಜನವಾದರೂ ಏನು?
(ತಂದೆ, ಮಂಜೇಶ್ವರ)

ಉತ್ತರ: ಕಾನೂನಿನ ಮಟ್ಟಿಗೆ ನಿಮ್ಮ ಮಗ ಹೇಳಿದ್ದು ನಿಜ. ಮದ್ಯದ ತಯಾರಿ, ಮಾರಾಟ, ಸಾಗಾಟಗಳು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ ವಿಷಯಗಳಾದ್ದರಿಂದ ಪ್ರತಿಯೊಂದು ರಾಜ್ಯವೂ ತನ್ನದೇ ವಯೋಮಿತಿಯನ್ನು ಗೊತ್ತುಪಡಿಸಿಕೊಂಡಿದೆ. ಕೇರಳದಲ್ಲಿ ಮೊದಲು 18 ಇದ್ದದ್ದು 21ಕ್ಕೆ ಏರಿತು. 2017ರ ಕೊನೆಯಲ್ಲಿ ಸರಕಾರ ಕೈಗೊಂಡ ತೀರ್ಮಾನದಿಂದ ಅದು 23 ಆಯಿತು. ಇಲ್ಲಿನ ಅಬಕಾರಿ ಕಾಯ್ದೆ ಕೊಲ್ಲವರ್ಷ 1077ರದ್ದು, ಎಂದರೆ ಕ್ರಿ.ಶ. 1902ರಷ್ಟು ಹಳೆಯದು. ಅದಕ್ಕೆ ಆಮೇಲೆ ಸೇರಿಸಿದ 15ಎ ಮತ್ತು 15ಬಿ ಕಲಂಗಳ ಪ್ರಕಾರ 23 ತುಂಬದವರು ಕುಡಿಯುವಂತಿಲ್ಲ, ಅವರಿಗೆ ಮಾರುವಂತೆಯೂ ಇಲ್ಲ. ಕರ್ನಾಟಕದಲ್ಲಿ ಮಾರಾಟಕ್ಕೆ ಪಾಲಿಸುವ ಮಿತಿ 21. ಅಲ್ಲಿಯೂ ಒಂದು ತೊಡಕಿದೆ: 1965ರ ಅಬಕಾರಿ ಕಾಯ್ದೆಯ 36ನೇ ಕಲಂ 18 ಎನ್ನುತ್ತದೆ, 1967ರ ಪರವಾನಗಿ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಬಂದಿತ್ತು. ಜನರ ವಿರೋಧ ಕಂಡು ಸರಕಾರ ಅದನ್ನು ಕೈಬಿಟ್ಟಿತು. ಗೋವಾದಲ್ಲಿ ಮತ್ತು ನಮ್ಮ ದಕ್ಷಿಣಕ್ಕಿರುವ, ಪುದುಚೇರಿಗೆ ಸೇರಿದ ಮಾಹೆಯಲ್ಲಿ 18 ತುಂಬಿದರೆ ಸಾಕು.

ಗಡಿಯ ಈ ಸಮಸ್ಯೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಹಲವು ರಾಜ್ಯಗಳು ವಯೋಮಿತಿಯನ್ನು 18ಕ್ಕೋ 19ಕ್ಕೋ ಇಳಿಸಿದವು, ಪಕ್ಕದ ರಾಜ್ಯಗಳು 21ರಲ್ಲೇ ನಿಂತವು. ಹುಡುಗರು ಕಾರು ಹತ್ತಿ ಗಡಿಯಾಚೆ ಹೋಗಿ ಕುಡಿದು, ಅದೇ ರಾತ್ರಿ ಹಿಂದಿರುಗುವಾಗ ರಸ್ತೆಯಲ್ಲಿ ಸಾಯತೊಡಗಿದಾಗ, 1984ರಲ್ಲಿ ಕೇಂದ್ರ ಸರಕಾರ 21ನ್ನು ಒಪ್ಪದ ರಾಜ್ಯಗಳಿಗೆ ಹೆದ್ದಾರಿಯ ಅನುದಾನದಲ್ಲಿ ಒಂದು ಪಾಲನ್ನು ಕಡಿತ ಮಾಡುವ ಕಾನೂನು ತಂದಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಬಂದವು. ಮಿತಿ ಏರಿಸಿದ ರಾಜ್ಯಗಳಲ್ಲಿ ಎಳೆಯ ಚಾಲಕರ ಅಪಘಾತಗಳು ಇಳಿದುವೆಂಬುದನ್ನು ಅಲ್ಲಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದುದರಿಂದ ವಯೋಮಿತಿಯಿಂದ ಪ್ರಯೋಜನವಿಲ್ಲವೆಂದು ಹೇಳಲಾಗದು. ಎರಡು ಮಿತಿಗಳು ಒಂದೇ ರಸ್ತೆಯಲ್ಲಿ ಅರ್ಧ ಗಂಟೆಯ ಅಂತರದಲ್ಲಿದ್ದಾಗ ಆ ಪ್ರಯೋಜನ ಸೋರಿಹೋಗುತ್ತದೆ ಎನ್ನಬಹುದು.

ಹಾಗಾಗಿ ಮಗನೊಡನೆ 21 ಸರಿಯೋ 23 ಸರಿಯೋ ಎಂದು ವಾದಿಸುವುದನ್ನು ಬಿಟ್ಟು, ರಾತ್ರಿ ಹೇಗೆ ಮನೆಗೆ ಬರುತ್ತಾನೆ ಎಂದು ಕೇಳಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸುವುದು ತಲಪಾಡಿಯ ಎರಡು ಬದಿಗಳಲ್ಲೂ ಅಪರಾಧವೇ. ಕರ್ನಾಟಕದಲ್ಲಿ ಮಾರಲೆಂದು ತಯಾರಾದ ಮದ್ಯವನ್ನು ಪರವಾನಗಿಯಿಲ್ಲದೆ ಈಚೆಗೆ ತಂದರೆ ಅದು ಬೇರೆಯೇ ಒಂದು ಅಬಕಾರಿ ಪ್ರಕರಣವಾಗುತ್ತದೆ. ಗೆಳೆಯರು ತರಲು ಹೇಳಿದ್ದರು ಎಂಬ ಸಮಜಾಯಿಷಿ ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಕಳೆದ ತಿಂಗಳು ನಮ್ಮ ಕುಟುಂಬದ ಮದುವೆಯ ಮೆಹಂದಿಯ ರಾತ್ರಿ ನನ್ನ ಹದಿನಾರು ವರ್ಷದ ಮಗನಿಗೆ ಅವನ ಸೋದರಮಾವನೇ ಬಿಯರು ಕೊಟ್ಟ. ನಾನು ಗದರಿಸಿದ್ದಕ್ಕೆ ಹಿರಿಯರು, ‘ನಮ್ಮ ಕಣ್ಣೆದುರು ರುಚಿ ನೋಡಿದರೆ ಹೊರಗೆ ಹೋಗಿ ಕೆಡುವುದಿಲ್ಲ’ ಎಂದು ನಕ್ಕರು. ಅಣ್ಣನ ಮೇಲೆ ದೂರು ಕೊಡಲು ನನ್ನಿಂದಾಗದು. ಆದರೆ ಅವರು ಹೇಳುವುದರಲ್ಲಿ ಹುರುಳಿದೆಯೇ?
(ತಾಯಿ, ಬದಿಯಡ್ಕ)

ಉತ್ತರ: ಹುರುಳಿಲ್ಲ. ‘ಕಣ್ಣೆದುರು ಕೊಟ್ಟರೆ ಕಲಿಯುತ್ತಾನೆ’ ಎಂಬ ನಂಬಿಕೆ ಎಷ್ಟು ವ್ಯಾಪಕವೆಂದರೆ ವಿದೇಶಗಳಲ್ಲಿ ಅದನ್ನೇ ಪರೀಕ್ಷೆಗೆ ಒಡ್ಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಸುಮಾರು 1,900 ಹದಿಹರೆಯದವರನ್ನು ಆರು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿಯ ಕೈಯಿಂದ ಮದ್ಯ ಪಡೆದ ಮಕ್ಕಳಿಗೆ ಅದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ಅವರು ಹೊರಗಿನಿಂದಲೂ ಪಡೆದು ಕುಡಿಯುವ ಸಂಭವ ಹೆಚ್ಚಾಗಿತ್ತು. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಹದಿನೈದಕ್ಕೆ ಮುಂಚೆ ಕುಡಿಯಲಾರಂಭಿಸಿದವರು ಮುಂದೆ ಮದ್ಯಕ್ಕೆ ದಾಸರಾಗುವ ಪ್ರಮಾಣ, 21ರ ಬಳಿಕ ಆರಂಭಿಸಿದವರಿಗಿಂತ ನಾಲ್ಕು ಪಟ್ಟು. ಬೇಗ ಆರಂಭಿಸುವವರ ಮನೆಯಲ್ಲಿ ಮೊದಲೇ ಬೇರೆ ತೊಂದರೆಗಳಿರಬಹುದು, ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬಾರದು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಾಗಿದ್ದರೂ ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗ ಪಕ್ವವಾಗಲು ಇಪ್ಪತ್ತರ ನಡುವಯಸ್ಸಿನವರೆಗೆ ಹಿಡಿಯುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯ ಹೆಚ್ಚಿಲ್ಲ.

ಇನ್ನು ಕಾನೂನು. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಇದೇ ಭಾಗ, ಏಕೆಂದರೆ ವಯೋಮಿತಿಯ ಕಾನೂನೆಂದರೆ ಮಕ್ಕಳನ್ನು ಹಿಡಿಯುವ ಕಾನೂನೆಂದು ನಮ್ಮಲ್ಲಿ ಬಹಳಷ್ಟು ಮಂದಿ ತಿಳಿದುಕೊಂಡಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ, ವೈದ್ಯರ ಸಲಹೆಯಿಲ್ಲದೆ 18 ತುಂಬದವರಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆಯನ್ನೂ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೂ ವಿಧಿಸುತ್ತದೆ. ಕೊಟ್ಟವನು ಅಂಗಡಿಯವನೇ ಆಗಿರಬೇಕೆಂದು ಅದರಲ್ಲಿಲ್ಲ. ಸೋದರಮಾವನೂ ಅದರೊಳಗೆ ಬರುತ್ತಾನೆ. ಮಕ್ಕಳ ಕೈಯಲ್ಲಿ ಮದ್ಯ ಹೊರಿಸುವುದು, ತರಿಸುವುದು 78ನೇ ಕಲಂನಲ್ಲಿ ಬರುತ್ತದೆ, ಶಿಕ್ಷೆಯ ಮಿತಿ ಅಷ್ಟೇ. ಇದು ಇಡೀ ದೇಶದ ಕಾನೂನಾದ್ದರಿಂದ ಮೇಲಿನ ಪತ್ರದ ತಲಪಾಡಿಯ ತಕರಾರು ಇಲ್ಲಿ ಏಳುವುದಿಲ್ಲ.

ನಮ್ಮ ಕಡೆಯ ಮೆಹಂದಿ ರಾತ್ರಿಗಳನ್ನು ಕಂಡವರಿಗೆ ಈ 78ನೇ ಕಲಂ ಎಲ್ಲಿ ಅನ್ವಯಿಸುತ್ತದೆಂದು ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಹಾಡು, ಕುಣಿತ. ಮನೆಯ ಹಿಂದೆ ತೆಂಗಿನ ಬುಡದಲ್ಲಿ ಐಸು ತುಂಬಿದ ಪ್ಲಾಸ್ಟಿಕ್ ಡ್ರಮ್ಮು. ಅಡುಗೆ ಚಪ್ಪರದಿಂದ ಗ್ಲಾಸು ತರಲು, ಸೋಡ ಒಡೆಯಲು, ಹುರಿದ ಕೋಳಿಯ ತಟ್ಟೆ ಹಿಡಿದು ಓಡಾಡಲು ಹತ್ತನೇ ತರಗತಿಯ, ಪ್ಲಸ್ ಟುವಿನ ಹುಡುಗರು. ನಡುರಾತ್ರಿಯ ಹೊತ್ತಿಗೆ ಅರ್ಧ ಉಳಿದ ಗ್ಲಾಸುಗಳನ್ನು ಎತ್ತುವವರೂ ಅವರೇ. ಮೊದಲ ಗುಟುಕು ಹೆಚ್ಚಾಗಿ ಹೋಗುವುದು ಆ ಗ್ಲಾಸುಗಳಿಂದ, ಯಾರೂ ‘ಕೊಟ್ಟದ್ದು’ ಎಂದಾಗದೆ.

ಅಣ್ಣನ ಮೇಲೆ ದೂರು ಕೊಡಿ ಎಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ಮದುವೆ ಗೊತ್ತಾದಾಗ, ಚಪ್ಪರ ಏಳುವ ಮೊದಲೇ, ಅಣ್ಣನನ್ನೂ ಮನೆಯ ಯಜಮಾನರನ್ನೂ ಕೂರಿಸಿಕೊಂಡು ಈ ಕಲಂಗಳ ವಿಷಯ ತಿಳಿಸಿ. ಮದ್ಯ ಇರಕೂಡದೆಂದು ನಿಮಗೆ ಮಾಡಿಸಲಾಗದಿದ್ದರೂ, ಅದನ್ನು ಬಡಿಸುವ, ಗ್ಲಾಸು ಎತ್ತುವ ಕೆಲಸದಲ್ಲಿ ಮಕ್ಕಳು ಇರಕೂಡದೆಂದು ಪಟ್ಟುಹಿಡಿಯಿರಿ. ಈ ಕಲಂಗಳ ಶಿಕ್ಷೆ ಕುಡಿದ ಹುಡುಗನಿಗಲ್ಲ, ಕೊಟ್ಟ ದೊಡ್ಡವರಿಗೆ ಎಂದು ಗೊತ್ತಾದ ಮನೆಗಳಲ್ಲಿ ಮಾತಿನ ಧಾಟಿ ಬದಲಾಗುವುದನ್ನು ಕಂಡಿದ್ದೇನೆ.

ಪ್ರಶ್ನೆ: ಶೇಂದಿ ಮದ್ಯವಲ್ಲ, ಆಹಾರ ಎನ್ನುತ್ತಾರೆ. ಅದಕ್ಕೂ ವಯಸ್ಸಿನ ಮಿತಿ ಉಂಟೇ?
(ಓದುಗ, ಪೈವಳಿಕೆ)

ಉತ್ತರ: ಉಂಟು. ಕೇರಳದ ಅಬಕಾರಿ ಕಾಯ್ದೆ ಮದ್ಯವೆಂದು ಹೇಳುವಾಗ ಶೇಂದಿಯನ್ನೂ ಸೇರಿಸಿಕೊಂಡೇ ಹೇಳುತ್ತದೆ. ಆದುದರಿಂದ ಶೇಂದಿ ಅಂಗಡಿಯಲ್ಲೂ 23 ಬೇಕು. ಮರದಿಂದ ಇಳಿಸಿದ ಮೇಲೂ ಹುಳಿಯುವ ಕ್ರಿಯೆ ನಡೆಯುತ್ತಲೇ ಇರುವುದರಿಂದ ಬೆಳಗ್ಗಿನದಕ್ಕಿಂತ ಸಂಜೆಯದರಲ್ಲಿ ಅಮಲು ಹೆಚ್ಚು. ಹುಳಿಯದಂತೆ ಕಾಪಾಡಿದ ಸಿಹಿ ರಸ, ಎಂದರೆ ‘ನೀರಾ’, ಅದರ ಮಾತು ಬೇರೆ.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮದ ಶಾಲೆ. ವರ್ಷಕ್ಕೊಮ್ಮೆ ಮದ್ಯ ಮತ್ತು ಮಾದಕ ವಸ್ತುಗಳ ವಿರುದ್ಧ ಭಾಷಣ, ಪ್ರತಿಜ್ಞೆ ನಡೆಯುತ್ತದೆ. ಹಂಚುವ ಕರಪತ್ರ ಮಲಯಾಳದಲ್ಲಿರುತ್ತದೆ. ಇದರಿಂದ ಮಕ್ಕಳ ಮೇಲೆ ಪರಿಣಾಮವಾಗುತ್ತದೆಯೇ? ಬೇರೆ ಏನು ಮಾಡಬಹುದು?
(ಅಧ್ಯಾಪಕಿ, ಪೆರ್ಲ)

ಉತ್ತರ: ಟೀಚರ್, ವರ್ಷಕ್ಕೊಂದು ಭಾಷಣದಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಯಕೃತ್ತಿನ ಚಿತ್ರ ತೋರಿಸಿ ಹೆದರಿಸಿದರೆ ಹದಿನೈದರ ಹುಡುಗನಿಗೆ ಅದು ಅಜ್ಜಂದಿರ ಕಾಯಿಲೆಯಾಗಿಯೇ ಕಾಣುತ್ತದೆ. ಬೆಲೆ ಏರುವುದು, ಅಂಗಡಿ ದೂರವಾಗುವುದು, ಮಾರುವವನು ವಯಸ್ಸಿನ ದಾಖಲೆ ಕೇಳುವುದು ಇವುಗಳ ಫಲ ಭಾಷಣಕ್ಕಿಂತ ಹೆಚ್ಚೆಂದು ಜಗತ್ತಿನ ಅನುಭವ ಹೇಳುತ್ತದೆ. ಶಾಲೆಯ ಕೈಯಲ್ಲಿರುವುದು ಇದರಲ್ಲಿ ಕೊನೆಯದು ಮಾತ್ರ, ಅದೂ ಪರೋಕ್ಷವಾಗಿ: ಯಾವ ಅಂಗಡಿ, ಯಾವ ಗೂಡಂಗಡಿ, ಯಾವ ದೊಡ್ಡ ಹುಡುಗ ನಿಮ್ಮ ಮಕ್ಕಳಿಗೆ ತಂದುಕೊಡುತ್ತಾನೆಂದು ನಿಮಗೆ ತಿಳಿದುಬಂದಾಗ ಅದನ್ನು ಬರವಣಿಗೆಯಲ್ಲಿ ಅಬಕಾರಿ ರೇಂಜ್ ಕಚೇರಿಗೆ ಮುಟ್ಟಿಸುವುದು. ಕೂಡಿ ಬರೆಯಿರಿ, ರಕ್ಷಕ-ಶಿಕ್ಷಕ ಸಂಘದ ಹೆಸರಿನಲ್ಲಿ ಬಂದ ಪತ್ರವನ್ನು ಬದಿಗಿಡುವುದು ಸುಲಭವಲ್ಲ. ಆ ಪತ್ರವನ್ನು ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಅದೇ ಹಕ್ಕನ್ನು ಹಿಡಿದು ಕರಪತ್ರವನ್ನೂ ಕನ್ನಡದಲ್ಲಿ ಕೇಳಿ. ಮಕ್ಕಳ ಕೈಯಲ್ಲಿ ಮನೆಗೆ ಹೋಗುವ ಕಾಗದವನ್ನು ಅವರ ಅಮ್ಮಂದಿರು ಓದಲಾಗದಿದ್ದರೆ ಅಚ್ಚು ಹಾಕಿಸಿದ್ದೇ ದಂಡ.

ಈಗಾಗಲೇ ಕುಡಿಯಲಾರಂಭಿಸಿದ ಹುಡುಗನ ಹೆಸರನ್ನು ಅಸೆಂಬ್ಲಿಯಲ್ಲಿ ಹೇಳುವುದು, ಟಿ.ಸಿ. ಕೊಟ್ಟು ಕಳುಹಿಸುವುದು ಬೇಡವೇ ಬೇಡ. ಶಾಲೆ ಬಿಟ್ಟ ಹುಡುಗನ ಮೇಲೆ ನಿಮ್ಮ ಕಣ್ಣೂ ಇರುವುದಿಲ್ಲ. ರಾಜ್ಯ ಸರಕಾರದ ವ್ಯಸನವಿರೋಧಿ ‘ವಿಮುಕ್ತಿ’ ಯೋಜನೆಯ ಸಹಾಯವಾಣಿ 14405, ಮಕ್ಕಳ ಸಹಾಯವಾಣಿ 1098. ಎರಡಕ್ಕೂ ಶಾಲೆಯವರೇ ಕರೆ ಮಾಡಿ ಸಲಹೆ ಕೇಳಬಹುದು.

ಪ್ರಶ್ನೆ: ಸರ್, ನಾನು ಪ್ಲಸ್ ಟು ವಿದ್ಯಾರ್ಥಿ. ಗೆಳೆಯನೊಬ್ಬ ಗಡಿಯಾಚೆಯಿಂದ ಬಂದ ಮದ್ಯದ ಒಂದು ಪ್ಯಾಕೆಟನ್ನು ಪಂಥ ಕಟ್ಟಿ ಒಂದೇ ಸಲಕ್ಕೆ ಕುಡಿದು ಪ್ರಜ್ಞೆ ತಪ್ಪಿದ. ಹೆದರಿ ಯಾರಿಗೂ ಹೇಳದೆ ಲಿಂಬೆಹುಳಿಯ ನೀರು ಕುಡಿಸಿ ತಲೆಗೆ ನೀರು ಹೊಯ್ದೆವು. ಬದುಕಿಕೊಂಡ. ಮುಂದೆ ಹೀಗಾದರೆ ಏನು ಮಾಡಬೇಕು?
(ವಿದ್ಯಾರ್ಥಿ, ಕುಂಬಳೆ)

ಉತ್ತರ: ಮೊದಲು ಆ ಪ್ಯಾಕೆಟಿನ ಲೆಕ್ಕ ನೋಡು. 180 ಮಿಲಿಲೀಟರಿನ ಪ್ಯಾಕೆಟ್, ಅದರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡ 42.8. ಎಂದರೆ 77 ಮಿಲಿಲೀಟರ್ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. ಹತ್ತು ಗ್ರಾಂ ಒಂದು ಪ್ರಮಾಣವೆಂದು ವೈದ್ಯರು ಲೆಕ್ಕ ಹಾಕುತ್ತಾರೆ. ಯಕೃತ್ತು ಒಂದು ಪ್ರಮಾಣವನ್ನು ಕರಗಿಸಲು ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಳ್ಳುತ್ತದೆ. ನಿನ್ನ ಗೆಳೆಯ ಆರು ಗಂಟೆಯ ಕೆಲಸವನ್ನು ಒಂದು ನಿಮಿಷದಲ್ಲಿ ಒಳಗೆ ಸುರಿದುಕೊಂಡ. ಅಭ್ಯಾಸವಿಲ್ಲದ, ಐವತ್ತು ಕಿಲೋ ತೂಗದ ಹುಡುಗನ ಉಸಿರಾಟ ನಿಧಾನವಾಗಲು, ರಕ್ತದ ಸಕ್ಕರೆ ಇಳಿಯಲು ಅಷ್ಟು ಸಾಕು. ಪ್ರಜ್ಞೆ ತಪ್ಪಿದವನ ಬಾಯಿಗೆ ಹೊಯ್ದ ಲಿಂಬೆ ನೀರು ಶ್ವಾಸಕೋಶಕ್ಕೆ ಇಳಿಯಬಹುದಿತ್ತು.

ಕರೆದರೆ ಓಗೊಡದಿದ್ದರೆ, ಉಸಿರು ತಡೆತಡೆದು ಬರುತ್ತಿದ್ದರೆ, ಮೈ ತಣ್ಣಗಾಗಿದ್ದರೆ, ತುಟಿ ನೀಲಿಯಾಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲನ್ನು ಮಡಚಿ ಮುಂದಿಟ್ಟು, ವಾಂತಿ ಬಂದರೆ ಹೊರಗೆ ಹರಿಯುವಂತೆ ಮುಖವನ್ನು ಸ್ವಲ್ಪ ಕೆಳಗೆ ತಿರುಗಿಸಬೇಕು. ಬೆರಳು ಹಾಕಿ ವಾಂತಿ ಮಾಡಿಸಬಾರದು. ಕಾಫಿ, ಮಜ್ಜಿಗೆ, ತಲೆಗೆ ನೀರು ಯಾವುದೂ ಅಮಲನ್ನು ಇಳಿಸುವುದಿಲ್ಲ. ಮಲಗಲಿ ಎಂದು ಒಬ್ಬನನ್ನೇ ಬಿಟ್ಟು ಹೋಗಬಾರದು, ಏಕೆಂದರೆ ಹೊಟ್ಟೆಯಲ್ಲಿ ಉಳಿದದ್ದು ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ.

ಹೇಳಿದರೆ ಕೇಸಾದೀತೆಂದು ಹೆದರಿದೆವು ಎಂಬುದು ನಿನ್ನ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಹದಿನೇಳರ ಹುಡುಗನೊಬ್ಬ ಆಸ್ಪತ್ರೆ ಸೇರಿದಾಗ ಕಾನೂನು ಮೊದಲು ಕೇಳುವುದು ಪ್ಯಾಕೆಟ್ ತಂದುಕೊಟ್ಟವರು ಯಾರು ಎಂದು. ಆ ಪ್ರಶ್ನೆಗೆ ಹೆದರಬೇಕಾದವನು ತಂದುಕೊಟ್ಟವನೇ. ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಚಿಕ್ಕಮ್ಮನಿಗೋ, ನಡೆದದ್ದನ್ನು ಹೇಳಿ ಇಡು. ಗೆಳೆಯನಿಗೆ ಮತ್ತೆ ಮತ್ತೆ ಕುಡಿಯಬೇಕೆನಿಸುತ್ತಿದ್ದರೆ 14416, ಎಂದರೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ಗೆ ಕರೆ ಮಾಡಲಿ; ಭಾಷೆಯ ಆಯ್ಕೆ ಕೇಳಿದಾಗ ಕನ್ನಡವನ್ನು ಆರಿಸಿಕೊಳ್ಳಬಹುದು.